ಕಷ್ಟದ ಪ್ರಶ್ನೆ ಬೇರೆ, ಕಿತಾಪತಿ ಪ್ರಶ್ನೆ ಬೇರೆ

ಈ ಬರಹ ಓದಿ ನನ್ನ ಕ್ವಿಜ್ ಗೆಳೆಯರು ಸಿಟ್ಟಾಗುತ್ತಾರೆ ಅಂತ ಗೊತ್ತು. ಆಗಲಿ. ಸುಮಾರು ದಿನದಿಂದ ಹೇಳಬೇಕು ಅಂದುಕೊಂಡಿದ್ದೆ, ಇವತ್ತು ಭಾನುವಾರ, ಹೊರಗೆ ಮಳೆ, ಕರೆಂಟೂ ಇದೆ (ಕಾರ್ಕಳದಲ್ಲಿ ಮಳೆ ಮತ್ತು ಕರೆಂಟು ಒಟ್ಟಿಗೆ ಇರುವುದು ಅಪರೂಪ), ಹಾಗಾಗಿ ಬರೆದೇ ಬಿಡುತ್ತೇನೆ.

ವಿಷಯ ಇಷ್ಟು. ಟಿವಿ ಕ್ವಿಜ್ ಕಾರ್ಯಕ್ರಮಗಳ ಬಗ್ಗೆ ನಾವು ನಾಲ್ಕು ಜನ ಸೇರಿದಾಗ ಏನು ಮಾತಾಡುತ್ತೇವೆ? "ಆ ಪ್ರಶ್ನೆ ನೋಡಿದ್ಯಾ? ಎಂಥಾ ಟ್ರಿಕ್ಕಿ ಮಾರಾಯ! ಪಾಪ ಅವನು ಬಿದ್ದೇ ಬಿಟ್ಟ." ಯೂಟ್ಯೂಬಿನಲ್ಲಿ ಕನ್ನಡದ ಕೋಟ್ಯಧಿಪತಿಯ ಹಳೆಯ ಕಂತು ಹಾಕಿಕೊಂಡು, ಗೋಳಿಬಜೆ ತಿನ್ನುತ್ತಾ, ಹಾಟ್ ಸೀಟಿನಲ್ಲಿ ಕೂತವರು ಎಡವಿದ ಜಾಗವನ್ನು ಹಿಂದೆ ಮುಂದೆ ಮಾಡಿ ನೋಡುವುದೇ ನಮ್ಮ ಕ್ವಿಜ್ ಪ್ರೇಮ. ಯಾರು ಏನು ತಿಳಿದುಕೊಂಡು ಗೆದ್ದರು ಅನ್ನುವುದು ಒಬ್ಬರಿಗೂ ನೆನಪಿರುವುದಿಲ್ಲ. ಯಾರನ್ನು ಹೇಗೆ ಕೆಡವಿದರು ಅನ್ನುವುದು ಎಲ್ಲರಿಗೂ ಬಾಯಿಪಾಠ. "ಟ್ರಿಕ್ಕಿ" ಅನ್ನುವುದು ನಮ್ಮಲ್ಲಿ ಹೊಗಳಿಕೆಯ ಮಾತಾಗಿಬಿಟ್ಟಿದೆ.

ನನ್ನ ತಕರಾರು ಇಲ್ಲಿಂದಲೇ ಶುರು. ಕಷ್ಟದ ಪ್ರಶ್ನೆಗೂ ಕಿತಾಪತಿ ಪ್ರಶ್ನೆಗೂ ವ್ಯತ್ಯಾಸ ಇದೆ ಸ್ವಾಮಿ. ಕಷ್ಟದ ಪ್ರಶ್ನೆಯಲ್ಲಿ ಉತ್ತರ ಒಂದೇ ಇರುತ್ತದೆ, ಅದು ನಿಮಗೆ ಗೊತ್ತಿರುವುದಿಲ್ಲ. ಕಿತಾಪತಿ ಪ್ರಶ್ನೆಯಲ್ಲಿ ನಿಮಗೆ ಗೊತ್ತಿರುತ್ತದೆ, ಆದರೆ ಕೇಳಿದವನ ತಲೆಯಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ.

ಕಷ್ಟದ ಪ್ರಶ್ನೆಗೆ ಎರಡು ಉದಾಹರಣೆ ಕೊಡುತ್ತೇನೆ, ಎರಡೂ ಹಿಂದಿಯ ಕೌನ್ ಬನೇಗಾ ಕರೋಡ್‌ಪತಿಯವು. 2000ದಲ್ಲಿ ಹರ್ಷವರ್ಧನ್ ನವಾಥೆ ಮೊದಲ ಬಾರಿಗೆ ಒಂದು ಕೋಟಿ ಗೆದ್ದಾಗ ಕೊನೆಯ ಪ್ರಶ್ನೆ, ಸಂವಿಧಾನದ ಪ್ರಕಾರ ಸಂಸತ್ತಿನ ಕಲಾಪದಲ್ಲಿ ಭಾಗವಹಿಸಲು ಇವರಲ್ಲಿ ಯಾರಿಗೆ ಅವಕಾಶ ಇದೆ ಅಂತ. ಉತ್ತರ ಅಟಾರ್ನಿ ಜನರಲ್. 88ನೇ ವಿಧಿ ತೆಗೆದು ನೋಡಿ, ಎರಡೂ ಸದನಗಳಲ್ಲಿ ಮಾತಾಡಬಹುದು, ವೋಟು ಹಾಕುವಂತಿಲ್ಲ. ಇದರಲ್ಲಿ ತಿರುವು ಇಲ್ಲವೇ? ಇದೆ. ಸಂಸತ್ತಿನ ಸದಸ್ಯರಲ್ಲದವರು ಒಳಗೆ ಮಾತಾಡಲು ಹೇಗೆ ಸಾಧ್ಯ ಅಂತ ನಮ್ಮಂಥವರು ಎಡವುತ್ತೇವೆ. ಆದರೆ ಪ್ರಶ್ನೆ ಏನನ್ನೂ ಮುಚ್ಚಿಟ್ಟಿಲ್ಲ. ಪುಸ್ತಕದಲ್ಲಿ ಇದೆ, ಓದಿದವನಿಗೆ ಸಿಕ್ಕಿತು. ಇನ್ನೊಂದು 2011ರದ್ದು. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್, ಉದ್ಯೋಗ ಖಾತ್ರಿ ಯೋಜನೆಯಲ್ಲಿ ತಿಂಗಳಿಗೆ ಆರು ಸಾವಿರದ ಕಂಪ್ಯೂಟರ್ ಆಪರೇಟರ್, ಐದು ಕೋಟಿ ಗೆದ್ದದ್ದು ನಿಕೋಬಾರ್ ದ್ವೀಪಗಳ ಹಕ್ಕನ್ನು 1868ರಲ್ಲಿ ಬ್ರಿಟಿಷರಿಗೆ ಮಾರಿ ಭಾರತದಿಂದ ಕಾಲ್ತೆಗೆದ ವಸಾಹತು ಶಕ್ತಿ ಯಾವುದು ಅನ್ನುವ ಪ್ರಶ್ನೆಗೆ. ಡೆನ್ಮಾರ್ಕ್. ಇಸವಿ ಕೊಟ್ಟಿದ್ದಾರೆ, ಜಾಗ ಕೊಟ್ಟಿದ್ದಾರೆ, ಏನಾಯಿತು ಅಂತ ಕೊಟ್ಟಿದ್ದಾರೆ. ಎರಡನೇ ಉತ್ತರಕ್ಕೆ ಜಾಗವೇ ಇಲ್ಲ. ಇಂಥ ಪ್ರಶ್ನೆ ತಪ್ಪಿದರೂ ಮನುಷ್ಯ ಏನೋ ಒಂದು ಕಲಿತುಕೊಂಡು ಮನೆಗೆ ಹೋಗುತ್ತಾನೆ.

ಈಗ ನಮ್ಮೂರಿನ ಕಡೆ ಬನ್ನಿ. ಪೈಪೋಟಿ ಪರೀಕ್ಷೆಯ ಗೈಡುಗಳಲ್ಲಿ, ಶಾಲಾ ಕ್ವಿಜ್ಜುಗಳಲ್ಲಿ, ವಾಟ್ಸಾಪ್ ಫಾರ್ವರ್ಡುಗಳಲ್ಲಿ ಉಡುಪಿ ಜಿಲ್ಲೆಯ ಮೇಲೆ ಓಡಾಡುವ ಪ್ರಶ್ನೆಗಳು ಹತ್ತೋ ಹನ್ನೆರಡೋ. ಅವುಗಳಲ್ಲಿ ಎಷ್ಟು ನೆಟ್ಟಗಿವೆ ನೋಡೋಣ.

"ಶಿವರಾಮ ಕಾರಂತರು ಹುಟ್ಟಿದ ಜಿಲ್ಲೆ ಯಾವುದು?" ಆಯ್ಕೆಗಳಲ್ಲಿ ಉಡುಪಿಯೂ ಇರುತ್ತದೆ, ದಕ್ಷಿಣ ಕನ್ನಡವೂ ಇರುತ್ತದೆ. ಕಾರಂತರು ಕೋಟದಲ್ಲಿ ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ಆಗ ಉಡುಪಿ ಜಿಲ್ಲೆಯೂ ಇಲ್ಲ, ಕರ್ನಾಟಕವೂ ಇಲ್ಲ. ಅದು ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ ಜಿಲ್ಲೆ. ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟ್ 25ಕ್ಕೆ (ನಾನೂ ಅದೂ ಹೆಚ್ಚುಕಡಿಮೆ ಓರಗೆಯವರು). ಕಾರಂತರು ತೀರಿಕೊಂಡದ್ದು ಅದೇ ವರ್ಷ ಡಿಸೆಂಬರ್ 9ರಂದು, ಮಣಿಪಾಲದಲ್ಲಿ. ಅಂದರೆ ತೊಂಬತ್ತೈದು ವರ್ಷ ಬದುಕಿದ ಮನುಷ್ಯ ಉಡುಪಿ ಜಿಲ್ಲೆ ಅನ್ನುವುದನ್ನು ಕಂಡದ್ದು ಮೂರೂವರೆ ತಿಂಗಳು. ಇದನ್ನು ಪ್ರಶ್ನೆ ಮಾಡಿದರೆ ಎಷ್ಟು ಚೆಂದ! "ಕಾರಂತರು ಹುಟ್ಟಿದ ಊರು ಇಂದು ಯಾವ ಜಿಲ್ಲೆಯಲ್ಲಿದೆ" ಅಂತ ಕೇಳಿದರೆ ಒಂದು ಉತ್ತರ. "ಹುಟ್ಟಿದಾಗ ಯಾವ ಜಿಲ್ಲೆಯಲ್ಲಿತ್ತು" ಅಂತ ಕೇಳಿದರೆ ಇನ್ನೊಂದು. ಎರಡೂ ಹೇಳದೆ "ಯಾವ ಜಿಲ್ಲೆ" ಅಂತ ಕೇಳಿ, ಉತ್ತರ ಕೊಟ್ಟವನ ಮುಖ ನೋಡಿ ನಗುವುದಕ್ಕೆ ಟ್ರಿಕ್ಕಿ ಅಂತಾರಾ? ನಮ್ಮ ಆಫೀಸಿನಲ್ಲಿ ಹೀಗೆ ಬರೆದ ರಿಕ್ವೈರ್‌ಮೆಂಟನ್ನು ಟೆಸ್ಟರ್ ವಾಪಸ್ ಕಳಿಸುತ್ತಾಳೆ, ಒಂದು ವಾಕ್ಯದ ಖಾರವಾದ ಕಮೆಂಟಿನ ಜೊತೆ.

ಇದೇ ಜಾತಿಯ ಇನ್ನೊಂದು, ಗೋವಿಂದ ಪೈ. ಕನ್ನಡದ ಮೊದಲ ರಾಷ್ಟ್ರಕವಿ ಯಾವ ರಾಜ್ಯದವರು ಅಂತ ಕೇಳಿ "ಕೇರಳ" ಅಂತ ಉತ್ತರ ಹೇಳಿ ಮೀಸೆ ತಿರುವುವ ಕ್ವಿಜ್ ಮಾಸ್ಟರುಗಳು ಇದ್ದಾರೆ. ಮಂಜೇಶ್ವರ ಈಗ ಕೇರಳದಲ್ಲಿದೆ, ಸರಿ. ಆದರೆ ಅವರಿಗೆ ಆ ಬಿರುದು ಕೊಟ್ಟದ್ದು 1949ರಲ್ಲಿ ಮದ್ರಾಸ್ ಸರ್ಕಾರ. ಕೇರಳ ರಾಜ್ಯ ಹುಟ್ಟಿದ್ದು 1956ರ ನವೆಂಬರ್ ಒಂದಕ್ಕೆ. ಕಾಸರಗೋಡಿನ ಕನ್ನಡಿಗರಿಗೆ ಇದು ನಗುವ ವಿಷಯವೇ ಅಲ್ಲ. ಒಂದು ಇಡೀ ಊರಿನ ನೋವನ್ನು ನಾಲ್ಕು ಆಯ್ಕೆಯ ಚಮತ್ಕಾರ ಮಾಡಿದಾಗ ನನಗೆ ಕಿರಿಕಿರಿ ಆಗುತ್ತದೆ.

ಇನ್ನು ಗೊಮ್ಮಟ. ನಾನು ಕಾರ್ಕಳದವನು, ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡಿದರೆ ಕ್ಷಮಿಸಿ. ನಮ್ಮ ಬಾಹುಬಲಿಯನ್ನು ವೀರಪಾಂಡ್ಯ ನಿಲ್ಲಿಸಿದ್ದು 1432ರಲ್ಲಿ. ಎತ್ತರ 42 ಅಡಿ ಅಂತ ಒಂದು ಪುಸ್ತಕ, 41 ಅಡಿ ಚಿಲ್ಲರೆ ಅಂತ ಇನ್ನೊಂದು. ಅದು ದೊಡ್ಡ ಜಗಳ ಅಲ್ಲ. ಆದರೆ ಗೈಡುಗಳಲ್ಲಿ ಒಂದು ಪ್ರಶ್ನೆ ಬರುತ್ತದೆ: "ಪ್ರಪಂಚದ ಅತಿ ಎತ್ತರದ ಏಕಶಿಲಾ ಜೈನ ವಿಗ್ರಹ ಯಾವುದು?" ಉತ್ತರ ಶ್ರವಣಬೆಳಗೊಳ ಅಂತ ಅಚ್ಚಾಗಿರುತ್ತದೆ. ಶ್ರವಣಬೆಳಗೊಳದ್ದು 58 ಅಡಿಯ ಆಸುಪಾಸು. ಮಧ್ಯಪ್ರದೇಶದ ಬಡವಾನಿ ಹತ್ತಿರ ಬಾವನ್‌ಗಜದಲ್ಲಿ ಬಂಡೆಯಲ್ಲೇ ಕೆತ್ತಿದ ಆದಿನಾಥ 84 ಅಡಿ ಇದ್ದಾನೆ, ಅದೂ ಎಷ್ಟೋ ಶತಮಾನಗಳಿಂದ. ಮಹಾರಾಷ್ಟ್ರದ ಮಾಂಗಿ ತುಂಗಿಯಲ್ಲಿ 2016ರಲ್ಲಿ ಪ್ರತಿಷ್ಠೆಯಾದ ಋಷಭದೇವ 108 ಅಡಿ. "ಬಾಹುಬಲಿ" ಅಂತ ಕೇಳಬೇಕಾದ ಕಡೆ "ಜೈನ ವಿಗ್ರಹ" ಅಂತ ಬರೆದವನು ಟ್ರಿಕ್ ಮಾಡುತ್ತಿಲ್ಲ, ಅವನಿಗೇ ಗೊತ್ತಿಲ್ಲ. ಇಷ್ಟರ ಮೇಲೆ ಶ್ರವಣಬೆಳಗೊಳದ ಮೂರ್ತಿಯ ಕಾಲ 981 ಅಂತ ಒಂದು ಕಡೆ ಇದೆ, 983 ಅಂತ ಇನ್ನೊಂದು ಕಡೆ ಇದೆ. ಬೇಕಾದರೆ ಕೇಳಿ, ಬೇಡ ಅನ್ನುವುದಿಲ್ಲ, ಆದರೆ ಎರಡೂ ಇಸವಿಯನ್ನು ಆಯ್ಕೆಯಲ್ಲಿ ಪಕ್ಕಪಕ್ಕ ಕೂರಿಸಬೇಡಿ.

ಉಡುಪಿ ಅನ್ನುವ ಹೆಸರು? ಉಡು ಅಂದರೆ ನಕ್ಷತ್ರ, ಉಡುಪ ಅಂದರೆ ಚಂದ್ರ, ಅವನು ತಪಸ್ಸು ಮಾಡಿದ ಊರು ಉಡುಪಿ, ಇದು ಒಂದು ಕತೆ. ತುಳುವಿನ ಒಡಿಪು ಅನ್ನುವುದರಿಂದ ಬಂತು ಅನ್ನುವುದು ಇನ್ನೊಂದು ವಾದ. ಊರಿನ ಅಜ್ಜಿಯಂದಿರನ್ನು ಕೇಳಿ, ಅವರು ಇವತ್ತಿಗೂ ಒಡಿಪು ಅಂತಲೇ ಹೇಳುವುದು. ವಿದ್ವಾಂಸರೇ ಮುಗಿಸದ ವಾದವನ್ನು ಮೂವತ್ತು ಸೆಕೆಂಡಿನ ಗಡಿಯಾರ ಇಟ್ಟು ಮುಗಿಸಲು ಹೊರಡುತ್ತೇವಲ್ಲ, ನಮ್ಮ ಧೈರ್ಯ ಮೆಚ್ಚಬೇಕು.

ಜಿಲ್ಲೆಯಲ್ಲಿ ಎಷ್ಟು ತಾಲ್ಲೂಕು ಅಂದರೆ ಹಳೆಯ ಗೈಡಿನಲ್ಲಿ ಮೂರು: ಉಡುಪಿ, ಕುಂದಾಪುರ, ಕಾರ್ಕಳ. ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಈಗ ಏಳು. ಕಾಪುವಿನ ನನ್ನ ಗೆಳೆಯ ಇದರ ಮೇಲೆ ಒಮ್ಮೆ ಅರ್ಧ ಗಂಟೆ ಕಿರುಚಿದ್ದಾನೆ. "ನಮ್ಮ ತಾಲ್ಲೂಕು ಉಂಟು ಅಂತ ಕಂದಾಯ ಇಲಾಖೆಗೆ ಗೊತ್ತುಂಟು, ನಿಮ್ಮ ಗೈಡಿಗೆ ಗೊತ್ತಿಲ್ಲವಾ?" ಅಂತ. ಅವನ ಊರಿನ ಬಗ್ಗೆ ಯಾರೂ ಇನ್ನೇನೂ ಕೇಳುವುದಿಲ್ಲ ಅನ್ನುವ ಸಿಟ್ಟೂ ಅದರಲ್ಲಿ ಇತ್ತು. ಕಾಪು ಅಂದರೆ ದೀಪಸ್ತಂಭ, 1901, ಮುಗಿಯಿತು.

ಈಗ ನನ್ನ ಸ್ವಂತದ್ದೊಂದು. ಇಂಜಿನಿಯರಿಂಗ್ ಓದುವಾಗ ಒಂದು ಅಂತರ್ ಕಾಲೇಜು ಕ್ವಿಜ್ಜಿಗೆ ಹೋಗಿದ್ದೆವು. ಎಲ್ಲಿ, ಯಾರು ನಡೆಸಿದ್ದು ಅನ್ನುವುದು ಬೇಡ. ಕೊನೆಯ ಸುತ್ತು, ನಾವು ಮತ್ತು ಇನ್ನೊಂದು ತಂಡ ಸಮ. ಪ್ರಶ್ನೆ: "ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಊರು ಯಾವುದು?" ಮೇಲೆ ಹೇಳಿದ ಕಾಪುವಿನವನೇ ಬಜರ್ ಒತ್ತಿದ, ಉಡುಪಿ ಅಂದ. ಕ್ವಿಜ್ ಮಾಸ್ಟರ್ ಒಂದು ದೊಡ್ಡ ನಗು ನಕ್ಕು, "ಎಲ್ಲರೂ ಬೀಳುವುದು ಇಲ್ಲೇ! ಸರಿ ಉತ್ತರ ಮಣಿಪಾಲ" ಅಂದರು. ಸಭಾಂಗಣ ಚಪ್ಪಾಳೆ ಹೊಡೆಯಿತು.

ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅನ್ನುವ ಹೆಸರಿನಲ್ಲಿ ಅದನ್ನು 1925ರಲ್ಲಿ ಶುರು ಮಾಡಿದ್ದು ಉಡುಪಿಯಲ್ಲಿ. ಮಣಿಪಾಲ ಆಮೇಲೆ ಅದರ ಕೇಂದ್ರ ಕಚೇರಿ ಆದದ್ದು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿ 1928ರದ್ದು. ನನ್ನ ಅಜ್ಜಿಯ ಕಾಲದವರಿಗೆ ಬ್ಯಾಂಕು ಅಂದರೆ ಆ ಪಿಗ್ಮಿಯವನೇ. ನನ್ನ ಗೆಳೆಯ ಇದೆಲ್ಲ ಹೇಳಲು ಬಾಯಿ ತೆರೆದ. "ಕ್ವಿಜ್ ಮಾಸ್ಟರರ ತೀರ್ಮಾನವೇ ಅಂತಿಮ" ಅಂತ ಮೈಕು ಹೇಳಿತು. ಮುಗಿಯಿತು. ಆ ಬ್ಯಾಂಕೇ 2020ರ ಏಪ್ರಿಲ್ ಒಂದಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು. 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ್ದ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಊರಿನ ಹೆಸರು ಹೊತ್ತ ಬೋರ್ಡುಗಳೂ ಇಲ್ಲ, ಉಳಿದಿರುವುದು ನೆನಪು ಮಾತ್ರ, ಅದನ್ನೂ ಚೀಟಿಯಲ್ಲಿ ತಪ್ಪು ಬರೆದುಕೊಂಡು ಬಂದು ಚಪ್ಪಾಳೆ ಗಿಟ್ಟಿಸುತ್ತಾರೆ.

"ಒಂದು ಕಾಲೇಜು ಕ್ವಿಜ್ಜಿಗೆ ಇಷ್ಟು ರಾಮಾಯಣವಾ" ಅಂತ ಕೇಳುತ್ತೀರಿ. ಸರಿ, ದೊಡ್ಡದಕ್ಕೇ ಹೋಗೋಣ. ಈ ಕೋಟ್ಯಧಿಪತಿಗಳಿಗೆಲ್ಲ ಮೂಲ, 1998ರಲ್ಲಿ ಶುರುವಾದ ಬ್ರಿಟನ್ನಿನ ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್. 1999ರಲ್ಲಿ ಅಲ್ಲೊಬ್ಬ ಸ್ಪರ್ಧಿಗೆ ಬಂದ ಪ್ರಶ್ನೆ: ಟೆನಿಸ್ ಆಟಗಾರ ಒಂದು ಸೆಟ್ ಗೆಲ್ಲಲು ಕನಿಷ್ಠ ಎಷ್ಟು ಹೊಡೆತ ಹೊಡೆಯಬೇಕು? ಅವರು 24 ಅಂದರು. ಆರು ಗೇಮು, ಒಂದೊಂದಕ್ಕೆ ನಾಲ್ಕು ಪಾಯಿಂಟು, ಆರು ನಾಲ್ಕಲೆ ಇಪ್ಪತ್ತನಾಲ್ಕು. ಕಾರ್ಯಕ್ರಮದವರ ಚೀಟಿಯಲ್ಲೂ 24 ಅಂತಲೇ ಇತ್ತು. ಸರಿ ಅಂದರು, ಆಟ ಮುಂದುವರಿಯಿತು, ಅವರು ದೊಡ್ಡ ಮೊತ್ತ ಗೆದ್ದರು.

ಆದರೆ ಉತ್ತರ 12. ಒಂದು ನಿಮಿಷ ಯೋಚಿಸಿ. ಸರ್ವ್ ಸರದಿ ಬದಲಾಗುತ್ತದೆ. 6-0 ಸೆಟ್ಟಿನಲ್ಲಿ ನಿಮ್ಮ ಸರ್ವ್ ಬರುವುದು ಮೂರೇ ಗೇಮಿನಲ್ಲಿ. ನಾಲ್ಕು ನಾಲ್ಕು ಏಸ್ ಹೊಡೆದರೆ ಹನ್ನೆರಡು. ಎದುರಾಳಿಯ ಮೂರು ಗೇಮಿನಲ್ಲಿ ಅವನು ಬರೀ ಡಬಲ್ ಫಾಲ್ಟ್ ಮಾಡಿದ ಅಂದುಕೊಳ್ಳಿ, ನೀವು ಬ್ಯಾಟು ಎತ್ತಬೇಕಾಗಿಯೇ ಇಲ್ಲ. ಎಂಥ ಸೊಗಸಾದ ಪ್ರಶ್ನೆ! ಇದು ನಿಜವಾದ ಟ್ರಿಕ್ಕಿ. ಬೇಕಾದದ್ದೆಲ್ಲ ಕಣ್ಣೆದುರಿಗೇ ಇದೆ, ನಮ್ಮ ಅವಸರವೇ ನಮ್ಮನ್ನು ಕೆಡವುತ್ತದೆ. ತಮಾಷೆ ಅಂದರೆ ಆ ಅವಸರಕ್ಕೆ ಮೊದಲು ಬಿದ್ದವರು ಪ್ರಶ್ನೆ ಬರೆದವರೇ. ಹಣ ಸ್ಪರ್ಧಿಯ ಹತ್ತಿರವೇ ಉಳಿಯಿತು ಅನ್ನಿ, ಅದು ನ್ಯಾಯವೇ. ಈಗ ಇನ್ನೊಂದು ಬಗೆಯಲ್ಲಿ ಯೋಚಿಸಿ. ಆ ಕುರ್ಚಿಯಲ್ಲಿ ಒಬ್ಬ ಗಣಿತದ ಮೇಷ್ಟ್ರು ಕೂತು "12" ಅಂದಿದ್ದರೆ? ತಪ್ಪು ಅಂತ ಮನೆಗೆ ಕಳಿಸುತ್ತಿದ್ದರು. ನಾವು ಸೋಫಾದಲ್ಲಿ ಕೂತು "ಅಯ್ಯೋ, ಟ್ರಿಕ್ಕಿಗೆ ಬಿದ್ದ" ಅನ್ನುತ್ತಿದ್ದೆವು.

ಅದೇ ಕಾರ್ಯಕ್ರಮದಲ್ಲಿ 2001ರಲ್ಲಿ ಚಾರ್ಲ್ಸ್ ಇಂಗ್ರಾಂ ಅನ್ನುವ ಸೇನಾಧಿಕಾರಿ ಪ್ರೇಕ್ಷಕರ ಕಡೆಯಿಂದ ಬಂದ ಕೆಮ್ಮಿನ ಸನ್ನೆಯಲ್ಲಿ ಹತ್ತು ಲಕ್ಷ ಪೌಂಡ್ ಹೊಡೆದ ಅಂತ ಕೇಸಾಗಿ 2003ರಲ್ಲಿ ಶಿಕ್ಷೆಯಾಯಿತು. ಕ್ವಿಜ್ ಪ್ರಿಯರೆಲ್ಲರಿಗೂ ಆ ಕೆಮ್ಮು ಗೊತ್ತು. ಟೆನಿಸ್ ಚೀಟಿ ಎಷ್ಟು ಜನಕ್ಕೆ ಗೊತ್ತು? ಆಡುವವನು ಮೋಸ ಮಾಡಿದರೆ ಕೋರ್ಟು. ಆಡಿಸುವವನ ಚೀಟಿ ತಪ್ಪಿದರೆ ಒಂದು ಸಾಲಿನ ವಿಷಾದವೂ ಟಿವಿಯಲ್ಲಿ ಕಾಣುವುದು ಕಷ್ಟ. ಅಮೆರಿಕಾದಲ್ಲಿ ಟ್ವೆಂಟಿ ಒನ್ ಅನ್ನುವ ಕ್ವಿಜ್ಜಿನ ಚಾರ್ಲ್ಸ್ ವಾನ್ ಡೋರೆನ್ ತನಗೆ ಉತ್ತರ ಮೊದಲೇ ಕೊಟ್ಟಿದ್ದರು ಅಂತ 1959ರಲ್ಲಿ ಸಂಸತ್ತಿನ ಸಮಿತಿ ಮುಂದೆ ಒಪ್ಪಿಕೊಂಡ ಮೇಲೆ ಅಲ್ಲಿ ಕ್ವಿಜ್ ಆಟವನ್ನು ಮೊದಲೇ ಹೊಂದಿಸುವುದಕ್ಕೆ ಕಾನೂನಿನ ತಡೆ ಬಂತು. ಅದು ಬೇಕೆಂದೇ ಮಾಡಿದ ಮೋಸಕ್ಕೆ. ಸೋಮಾರಿತನಕ್ಕೆ ಯಾವ ದೇಶದಲ್ಲೂ ಕಾನೂನಿಲ್ಲ, ನಮ್ಮ ಬಾಯಿಯೇ ಕಾನೂನು. ಆ ಬಾಯಿಯಲ್ಲಿ ನಾವು "ಟ್ರಿಕ್ಕಿ, ಸೂಪರ್" ಅನ್ನುತ್ತಾ ಕೂತಿದ್ದೇವೆ.

ಗೆಳೆಯರ ಎದುರುವಾದ ನನಗೆ ಬಾಯಿಪಾಠ. ಒಂದನೆಯದು, "ಪ್ರಶ್ನೆಯನ್ನು ಗಮನವಿಟ್ಟು ಓದುವುದೂ ಜಾಣತನವೇ." ಹೌದು ಮಾರಾಯ್ರೆ, ಯಾರು ಇಲ್ಲ ಅಂದದ್ದು? ಟೆನಿಸ್ ಪ್ರಶ್ನೆ ಕೇಳಿ, ನಾನು ಸೀಟಿ ಹೊಡೆಯುತ್ತೇನೆ. "ಇವರಲ್ಲಿ ಯಾರು ಜ್ಞಾನಪೀಠ ಪಡೆದಿಲ್ಲ" ಅಂತ "ಇಲ್ಲ"ವನ್ನು ಕೊನೆಗೆ ನುಂಗಿ ಹೇಳಿ, ನಿದ್ದೆಗಣ್ಣಿನಲ್ಲಿ ಬೆಂಗಳೂರಿಗೆ ಬಸ್ಸಿನಲ್ಲಿ ಬಂದು ಕ್ಯಾಮೆರಾ ಎದುರು ನಡುಗುತ್ತಾ ಕೂತವನನ್ನು ಕೆಡವಿದರೆ ಅದು ಅವನ ಕಿವಿಯ ಪರೀಕ್ಷೆ, ತಿಳಿವಳಿಕೆಯದ್ದಲ್ಲ.

ಎರಡನೆಯದು, "ಅದು ಮನರಂಜನೆ, ಪರೀಕ್ಷೆ ಅಲ್ಲ, ಇಷ್ಟು ಸೀರಿಯಸ್ ಯಾಕೆ?" ಇದು ನನಗೆ ಅತಿ ಹೆಚ್ಚು ಸಿಟ್ಟು ಬರಿಸುವ ಮಾತು. ಲಕ್ಷಗಟ್ಟಲೆ ಹಣ ಇಟ್ಟಿದ್ದೀರಿ. ಕೂತವರು ಸಣ್ಣ ಊರಿನ ಅಂಗನವಾಡಿ ಟೀಚರೋ ಸಾಲ ಇರುವ ರೈತನ ಮಗನೋ ಆಗಿರುತ್ತಾರೆ, ಅವರ ಕಷ್ಟದ ಕತೆಯನ್ನು ಹಿನ್ನೆಲೆ ಸಂಗೀತ ಹಾಕಿ ಹತ್ತು ನಿಮಿಷ ತೋರಿಸುತ್ತೀರಿ. ಹಣ ಗಂಭೀರ, ಕಣ್ಣೀರು ಗಂಭೀರ, ಪ್ರಶ್ನೆ ಮಾತ್ರ ತಮಾಷೆಯೇ? ಪರೀಕ್ಷೆ ಅಂದ ಕೂಡಲೇ ನೆನಪಾಯಿತು. ನಮ್ಮ ಸಿಇಟಿಯಲ್ಲಿ ಪರೀಕ್ಷಾ ಪ್ರಾಧಿಕಾರ ಕೀ ಉತ್ತರ ಪ್ರಕಟಿಸುತ್ತದೆ, ಆಕ್ಷೇಪ ಕರೆಯುತ್ತದೆ, ವಿಷಯ ತಜ್ಞರು ನೋಡುತ್ತಾರೆ. 2024ರಲ್ಲಿ ಸಿಲೆಬಸ್ಸಿನ ಹೊರಗಿನ ಪ್ರಶ್ನೆ ಬಂದಿವೆ ಅಂತ ಹುಡುಗರು ಗಲಾಟೆ ಮಾಡಿದಾಗ 50 ಪ್ರಶ್ನೆಗಳನ್ನೇ ಮೌಲ್ಯಮಾಪನದಿಂದ ಬಿಟ್ಟರು. ಅಷ್ಟು ದೊಡ್ಡ ತಪ್ಪು ಆಗಬಾರದಿತ್ತು, ನಿಜ. ಆದರೆ ಕೇಳಲು ಒಂದು ಕಿಟಕಿ ಇತ್ತು. ಟಿವಿ ಕ್ವಿಜ್ಜಿಗೆ ಅಂಥ ಕಿಟಕಿ ಎಲ್ಲಿದೆ? ಕಂತು ಮುಗಿದ ಮೇಲೆ ಪರದೆ ಮೇಲೆ ಓಡುವ ಹೆಸರುಗಳ ಜೊತೆ, ಈ ಪ್ರಶ್ನೆಯ ಉತ್ತರ ಈ ಪುಸ್ತಕದ್ದು ಅಂತ ಒಂದು ಸಾಲು ಓಡಿಸಿದರೆ ಎಷ್ಟು ಖರ್ಚಾದೀತು?

ಮನರಂಜನೆಯ ಹಿಂದಿನ ಲೆಕ್ಕವೂ ಸ್ವಲ್ಪ ನೋಡಿ. 2007ರಲ್ಲಿ ಹಿಂದಿ ಕಾರ್ಯಕ್ರಮದ ಜೊತೆ ಮನೆಯಲ್ಲಿ ಕೂತವರಿಗೂ ಒಂದು ಎಸ್ಸೆಮ್ಮೆಸ್ ಸ್ಪರ್ಧೆ ಇತ್ತು. ಬಹುಮಾನದ ದುಡ್ಡು ಜನರ ದುಬಾರಿ ಮೆಸೇಜಿನಿಂದಲೇ ಬಂದದ್ದು ಅನ್ನುವ ದೂರಿನ ಮೇಲೆ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಒಂದು ಕೋಟಿ ದಂಡ ಹಾಕಿತು. ಸುಪ್ರೀಂ ಕೋರ್ಟು ಆಮೇಲೆ ಆ ಆದೇಶವನ್ನು ತಳ್ಳಿಹಾಕಿತು, ಅದನ್ನೂ ಹೇಳಬೇಕು. ನನ್ನ ಮಾತು ಅಪರಾಧದ್ದಲ್ಲ. ಪ್ರಶ್ನೆ ಅನ್ನುವುದು ಅಲ್ಲಿ ಸರಕು, ಅಷ್ಟೇ.

ಮೂರನೆಯ ವಾದ ನಗೆ ತರಿಸುವಂಥದ್ದು. "ನಿನಗೆ ಹಾಗಾದರೆ ಥಟ್ ಅಂತ ಹೇಳಿ ನೋಡು, ಪುಸ್ತಕ ಕೊಡ್ತಾರೆ." ಹೌದು, ನೋಡುತ್ತೇನೆ! ಇದನ್ನು ಬೈಗುಳ ಅಂತ ಯಾವಾಗಿನಿಂದ ಬಳಸಲು ಶುರು ಮಾಡಿದೆವು? ದೂರದರ್ಶನ ಚಂದನದಲ್ಲಿ 2002ರ ಜನವರಿಯಲ್ಲಿ ಶುರುವಾದ ಕಾರ್ಯಕ್ರಮ, ಮೂರು ಸಾವಿರ ಕಂತು ಯಾವಾಗಲೋ ದಾಟಿದೆ. ನಡೆಸುವ ನಾ. ಸೋಮೇಶ್ವರ ಅವರು ವೈದ್ಯರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಸರಿ ಉತ್ತರಕ್ಕೆ ಒಂದು ಪುಸ್ತಕ. ಪುಸ್ತಕದ ಹೆಸರು, ಬರೆದವರ ಹೆಸರು ಹೇಳಿ ಕೈಗೆ ಕೊಡುವುದನ್ನು ನೋಡುತ್ತಾ ನಮ್ಮ ಮನೆಯಲ್ಲಿ ರಾತ್ರಿ ಊಟ ಆಗುತ್ತಿತ್ತು. ಅಪ್ಪ ಉತ್ತರ ಮೊದಲು ಹೇಳಿದರೆ ಅಮ್ಮನಿಗೆ ಸಿಟ್ಟು :) ಅಲ್ಲಿನ ಸೆಟ್ಟು ಸಾದಾ, ಬೆಳಕು ಮಂಕು, ಗುಡುಗಿನ ಸದ್ದು ಇಲ್ಲ. ಆದರೆ ಒಂದು ಸಣ್ಣ ಸಂಗತಿ ಗಮನಿಸಿ. ಉತ್ತರ ಬಂದ ಮೇಲೂ ಮಾತು ನಿಲ್ಲುವುದಿಲ್ಲ, ಅದು ಯಾಕೆ ಸರಿ ಅಂತ ಎರಡು ಮಾತು ಬರುತ್ತದೆ. ವಿವರಣೆ ಕೊಡಬೇಕು ಅಂತ ಗೊತ್ತಿರುವವನು ಕಿತಾಪತಿ ಪ್ರಶ್ನೆ ಬರೆಯುವುದು ಕಷ್ಟ. ಯಾಕೆಂದರೆ ವಿವರಿಸಲು ಹೊರಟ ಕೂಡಲೇ ತೂತು ಕಾಣುತ್ತದೆ. ಕೋಡ್ ರಿವ್ಯೂನಲ್ಲಿ ನಮಗೆ ಆಗುವುದೂ ಇದೇ. ಪಕ್ಕದವನಿಗೆ ಬಾಯಿಬಿಟ್ಟು ಹೇಳುವಾಗ ಬಗ್ ತಾನೇ ಎದ್ದು ನಿಲ್ಲುತ್ತದೆ.

ಕೋಟ್ಯಧಿಪತಿಯ ಮೇಲೆ ನನಗೆ ದ್ವೇಷ ಇಲ್ಲ, ಇದನ್ನು ಸ್ಪಷ್ಟ ಹೇಳುತ್ತೇನೆ. 2012ರಲ್ಲಿ ಪುನೀತ್ ಶುರು ಮಾಡಿದಾಗ ನಾನು ಹೈಸ್ಕೂಲು. ಸೋತವರನ್ನು ಅವರು ನಡೆಸಿಕೊಳ್ಳುತ್ತಿದ್ದ ರೀತಿ, ಮುದುಕಮ್ಮಂದಿರ ಹತ್ತಿರ ಮಾತಾಡುತ್ತಿದ್ದ ಸಲುಗೆ, ಅದಕ್ಕಾಗಿಯೇ ನೋಡುತ್ತಿದ್ದೆವು. 2021ರ ಅಕ್ಟೋಬರ್ 29ರ ನಂತರ ಆ ಹಳೆಯ ಕಂತುಗಳನ್ನು ನೋಡುವುದು ಬೇರೆಯೇ ಅನುಭವ. ನನ್ನ ಜಗಳ ನಿರೂಪಕರ ಜೊತೆ ಅಲ್ಲ, ಚಾನೆಲ್ ಜೊತೆಯೂ ಪೂರ್ತಿ ಅಲ್ಲ. ನಮ್ಮ ಜೊತೆ. ನೋಡುವವರು ಬಿದ್ದವರನ್ನು ನೋಡಿ ಖುಷಿ ಪಟ್ಟರೆ ಬರೆಯುವವರು ಬೀಳಿಸುವ ಪ್ರಶ್ನೆಯನ್ನೇ ಬರೆಯುತ್ತಾರೆ.

ಬ್ಲಾಗ್ ಬರೆಯುವ ನಮಗೂ ಇದರಲ್ಲಿ ಪಾಲಿದೆ, ಅದಕ್ಕೇ ಇಲ್ಲಿ ಬರೆಯುತ್ತಿರುವುದು. ಊರಿನ ಬಗ್ಗೆ ಕನ್ನಡದಲ್ಲಿ ಹುಡುಕಿ ನೋಡಿ. ಒಂದೇ ಗೈಡಿನ ಒಂದೇ ಸಾಲು ಇಪ್ಪತ್ತು ಪುಟಗಳಲ್ಲಿ ಅಲ್ಪವಿರಾಮ ಸಮೇತ ನಕಲಾಗಿ ಸಿಗುತ್ತದೆ. ಪ್ರಶ್ನೆ ಬರೆಯುವವನು ಆ ಇಪ್ಪತ್ತು ಪುಟ ನೋಡಿ "ಇಪ್ಪತ್ತು ಆಧಾರ ಇದೆ" ಅಂದುಕೊಳ್ಳುತ್ತಾನೆ. ಅವನು ಕೇಳಿದ ಪ್ರಶ್ನೆ ಇಪ್ಪತ್ತೊಂದನೆಯ ಪುಟ ಆಗುತ್ತದೆ. ಸಿಂಡಿಕೇಟ್ ಬ್ಯಾಂಕ್ ಮಣಿಪಾಲದಲ್ಲಿ ಹುಟ್ಟುವುದು ಹೀಗೆ. ಈಗಂತೂ ಪ್ರಶ್ನೆ ಬರೆದುಕೊಡು ಅಂದರೆ ಯಂತ್ರವೇ ಬರೆದುಕೊಡುತ್ತದೆ, ಅದೂ ಓದುವುದು ಅದೇ ಇಪ್ಪತ್ತು ಪುಟಗಳನ್ನು. ನಾವು ಬರೆಯುವ ಪ್ರವಾಸ ಕಥನದಲ್ಲಿ ಸೇಂಟ್ ಮೇರೀಸ್ ದ್ವೀಪದಲ್ಲಿ ವಾಸ್ಕೋ ಡ ಗಾಮಾ 1498ರಲ್ಲಿ ಇಳಿದ ಅಂತ ಧೈರ್ಯವಾಗಿ ಬರೆದು ಬಿಡುತ್ತೇವೆ. ಅದು ಹೇಳಿಕೆ ಮಾತು, "ಅಂತ ಹೇಳುತ್ತಾರೆ" ಅನ್ನುವ ಎರಡು ಪದ ಸೇರಿಸಲು ನಮಗೆ ಆಲಸ್ಯ. ಅಲ್ಲಿನ ಕಂಬದಂಥ ಕಲ್ಲುಗಳು ಕೋಟ್ಯಂತರ ವರ್ಷ ಹಿಂದಿನ ಲಾವಾ ತಣ್ಣಗಾಗಿ ಆದದ್ದು ಅನ್ನುವ ನಿಜ ಸಂಗತಿ ಫೋಟೋದ ಕೆಳಗೆ ಒಂದು ಸಾಲಿಗೂ ಬರುವುದಿಲ್ಲ. ಹತ್ತಿರ ಕೂತು ನಾಲ್ಕು ಸೆಲ್ಫಿ ಬರುತ್ತವೆ.

ನಂದಳಿಕೆ ನಮ್ಮ ಮನೆಯಿಂದ ದೂರವಿಲ್ಲ. ಮುದ್ದಣ ಹುಟ್ಟಿದ ಊರು. ಕ್ವಿಜ್ಜಿನಲ್ಲಿ ಅವನ ಬಗ್ಗೆ ಇರುವುದು ಒಂದೇ ಪ್ರಶ್ನೆ, ನಿಜ ನಾಮಧೇಯ ಏನು, ಲಕ್ಷ್ಮೀನಾರಾಯಣ. ಉಡುಪಿಯಲ್ಲಿ ಮೇಷ್ಟ್ರ ಕೆಲಸ ಮಾಡುತ್ತಾ, ಬಡತನದಲ್ಲಿ, ಮೂವತ್ತು ದಾಟಿದ ಕೂಡಲೇ 1901ರಲ್ಲಿ ಕ್ಷಯದಿಂದ ತೀರಿಕೊಂಡವನು ರಾಮಾಶ್ವಮೇಧ ಬರೆದು ಹೋದ. ನನ್ನ ವಯಸ್ಸಿಗೆ ಅವನ ಬದುಕು ಹೆಚ್ಚುಕಡಿಮೆ ಮುಗಿದಿತ್ತು. ಕಾಪುವಿನಲ್ಲಿ ದೀಪಸ್ತಂಭ ಎದ್ದದ್ದೂ ಅದೇ 1901. ಇವೆರಡನ್ನು ಸೇರಿಸಿ ಒಂದು ಪ್ರಶ್ನೆ ಮಾಡಿ ನೋಡಿ: ಮುದ್ದಣ ತೀರಿಕೊಂಡ ವರ್ಷವೇ ಉಡುಪಿಯ ದಕ್ಷಿಣಕ್ಕೆ ಕಡಲ ತೀರದ ಬಂಡೆಯೊಂದರ ಮೇಲೆ ಕಟ್ಟಿದ, ಇವತ್ತಿಗೂ ನಿಂತಿರುವ ಕಟ್ಟಡ ಯಾವುದು? ಕಷ್ಟ ಇದೆ, ಉತ್ತರ ಒಂದೇ ಇದೆ, ತಪ್ಪಿದವನಿಗೂ ಏನೋ ಸಿಗುತ್ತದೆ. ಇದನ್ನು ಬರೆಯಲು ನನಗೆ ಬೇಕಾದದ್ದು ಐದು ನಿಮಿಷ.

ಹಾಗಾಗಿ ಒಂದು ಕೆಲಸ ಮಾಡೋಣ. ಮುಂದಿನ ವಾರ ಇಲ್ಲಿ ಕಾರ್ಕಳದ ಮೇಲೆ ಹತ್ತು ಪ್ರಶ್ನೆ ಹಾಕುತ್ತೇನೆ. ಪ್ರತಿ ಉತ್ತರದ ಕೆಳಗೆ ಯಾವ ಪುಸ್ತಕ, ಯಾವ ಪುಟ ಅಂತ ಇರುತ್ತದೆ. 1586ರ ಚತುರ್ಮುಖ ಬಸದಿಯಿಂದ ಅತ್ತೂರು ಚರ್ಚಿನವರೆಗೆ ವಿಷಯಕ್ಕೆ ಬರ ಇಲ್ಲ. ಕಾಪುವಿನದ್ದನ್ನು ಆ ಗೆಳೆಯನ ತಲೆಗೆ ಕಟ್ಟಿದ್ದೇನೆ, ದೀಪಸ್ತಂಭದ ಮೇಲೆ ಒಂದಕ್ಕಿಂತ ಹೆಚ್ಚು ಪ್ರಶ್ನೆ ಹಾಕಕೂಡದು ಅಂತ ಷರತ್ತು ಹಾಕಿ. ಮಣಿಪಾಲ ಮತ್ತು ಉಡುಪಿಯವರು ಯಾರಾದರೂ ಇದ್ದರೆ ಕಮೆಂಟಿನಲ್ಲಿ ಹೇಳಿ. ತಪ್ಪು ಕಂಡರೆ ಧಾರಾಳ ಬೈಯಿರಿ, ಆಧಾರ ಮಾತ್ರ ಜೊತೆಗಿರಲಿ. ತೀರ್ಮಾನ ಅಂತಿಮ ಅನ್ನುವ ಮೈಕು ನನ್ನ ಹತ್ತಿರ ಇಲ್ಲ :)